ಬರೆದವನಿಗೊಂದು ತಾಟು

ಜಗದೇವಪ್ಪನವರ ಫೋನು ಬಂದಾಗ ಅಂಬಿಕಾ ಕಾಳು-ಸೊಪ್ಪಿನ ಭಜ್ಜಿಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟಂಟಂ ಆಟೋದಲ್ಲಿ ಕೂತಿದ್ದಳು. ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಚಿತ್ತಾಪುರಕ್ಕೆ ಚಿತ್ತಾಪುರವೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿತ್ತು.

"ಏನ್ ಬರ್ದೀರಿ ನನ್ನ ಅಂಗಡಿ ಹೆಸರ್ಲೆ? 'ರೈತ ಬಾಂಧವರೇ, ಇಂದು ಅಮಾವಾಸ್ಯೆ, ಅಶುಭ ದಿನ. ಹೊಲಕ್ಕೆ ಹೋಗಬೇಡಿ, ಮನೆಯಲ್ಲೇ ಇರಿ.' ಭೂಮಿತಾಯಿಗಿ ಎಡಿ ಹಿಡಿದು ಚರಗ ಚೆಲ್ಲೋ ದಿವಸ ಹೊಲಕ್ಕ ಹೋಗಬ್ಯಾಡ್ರಿ ಅಂತೀರಾ? ಬೀಜ ಮಾರಾಂವ ನಾ! ನನ್ನ ಗಿರಾಕಿ ಅಷ್ಟೂ ಮಂದಿ ಫೋನಿಗಿ ಹೋಗ್ಯಾದ."

"ಯಜಮಾನ್ರ, ಅದು ಎಐ ಬರ್ದದ್ರಿ..."

"ಹೌದಾ? ಮತ್ತ ಮಾಫಿ ಕೇಳ್ಲಿಕ್ಕೂ ಅದೇ ಬರ್ತದೇನು? ನಾಳಿಂದ ನಿಮ್ಮ ಕೆಲಸ ಬಂದ್."

ಫೋನು ಕಟ್ಟಾಯಿತು. ಅಂಬಿಕಾ ಗಡಿಗೆಯನ್ನು ಅವ್ವನ ಕೈಗೆ ಕೊಟ್ಟು ಅಲ್ಲೇ ಇಳಿದಳು. ಊರಿನ ಅಂಗಡಿಗಳಿಗೆ ಜಾಹೀರಾತು, ಫೋನ್ ಸಂದೇಶ ಬರೆದುಕೊಡುವ ಪುಟ್ಟ ಏಜೆನ್ಸಿ ಅವಳದು. ಜೊತೆಗೆ ಅಜಯಕುಮಾರ, ಪೂನಮ್. ಇದ್ದ ಗಿರಾಕಿಗಳಲ್ಲಿ ಜಗದೇವಪ್ಪನವರ ಬೀಜದ ಅಂಗಡಿಯೇ ದೊಡ್ಡದು. ಅದು ಕೈಬಿಟ್ಟರೆ ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸಲೇಬೇಕು. ಯಾರನ್ನು? ಯಾರನ್ನೂ ಕಳಿಸುವುದಿಲ್ಲ ಎಂದು ಅಲ್ಲೇ ರಸ್ತೆಯಲ್ಲಿ ನಿಂತು ತೀರ್ಮಾನಿಸಿಬಿಟ್ಟಳು.

ಅವಳು ಕರೆದದ್ದೇ ಬಜಾರಿನ ಮಹಡಿ ಮೇಲಿನ ಆಫೀಸು ಕೋಣೆಗೆ ಇಬ್ಬರೂ ಓಡಿ ಬಂದರು. ಆದದ್ದಿಷ್ಟೇ: ಎಳ್ಳಮಾಸಿಗೆ ಹೊರಡುವ ಅವಸರದಲ್ಲಿ ವಾರದ ಸಂದೇಶಗಳನ್ನೆಲ್ಲ ಎಐ ಕೈಲೇ ಬರೆಸಿ, ದಿನಕ್ಕೊಂದು ತಾನಾಗಿ ಹೋಗುವಂತೆ ಇಟ್ಟುಬಿಟ್ಟಿದ್ದರು. ಎಳ್ಳಮಾಸಿಯ ಸಂದೇಶವನ್ನೇ ಯಾರೂ ಓದಿರಲಿಲ್ಲ.

"ಅಜಯ ಓದ್ಯಾನ ಅಂದ್ಕೊಂಡಿದ್ದೆ ಅಕ್ಕ," ಎಂದಳು ಪೂನಮ್.

"ನಾ ಪೂನಮ್ ಓದ್ಯಾಳ ಅಂದ್ಕೊಂಡಿದ್ದೆ," ಎಂದ ಅಜಯಕುಮಾರ.

"ನಾ ನೀವಿಬ್ಬರೂ ಓದೀರಿ ಅಂದ್ಕೊಂಡಿದ್ದೆ. ಹತ್ತು ಮಂದ್ಯಾಗ ಹಾವು ಸಾಯಂಗಿಲ್ಲಂತ. ನಾವು ಮೂರೇ ಮಂದಿ ಇದ್ದೂ ಸಾಯ್ಲಿಲ್ಲ ನೋಡ್ರಿ!"

ಪೂನಮ್ ಕಣ್ಣೊರೆಸಿಕೊಂಡಳು. "ಈ ಎಐ ಸಹವಾಸಾನೇ ಬ್ಯಾಡ. ಮೊದಲಿನಂಗ ನಾವೇ ಬರಿಯೂನು."

"ಕುಡಗೋಲು ಕೈ ಕೊಯ್ತಂತ ಯಾರರ ಸುಗ್ಗಿ ಬಿಡ್ತಾರೇನ? ಅದು ಬರೀಲಿ. ಹಿಡಿಯೋದು ಹ್ಯಾಂಗ ಅಂತ ನಾವು ಕಲಿಯೂನು," ಎಂದಳು ಅಂಬಿಕಾ.

ಅಷ್ಟರಲ್ಲಿ ಅಜಯಕುಮಾರ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಎಐ ಬರೆದ ಕ್ಷಮಾಪಣೆಯೂ ತಯಾರಾಗಿತ್ತು! 'ನಿಮ್ಮ ಭಾವನೆಗಳಿಗೆ ಧಕ್ಕೆಯಾಗಿದ್ದಲ್ಲಿ ವಿಷಾದಿಸುತ್ತೇವೆ.' ಬೆಣ್ಣೆಯಂಥ ಮಾತು.

"ಆಗಿದ್ದಲ್ಲಿ ಅಂದ್ರೇನು? ಆಗ್ಯಾದ," ಎಂದು ಅಂಬಿಕಾ ಕಂಪ್ಯೂಟರ್ ಮುಚ್ಚಿದಳು. "ನಡೀರಿ ಹೊಲಕ್ಕ."

ನಾಲವಾರ ರಸ್ತೆಯ ಬದಿಗೆ ಆಳೆತ್ತರದ ಜೋಳದ ನಡುವೆ ಜಗದೇವಪ್ಪನವರ ಪಂಕ್ತಿ ಕೂತಿತ್ತು. ಬೀಗರು, ಅಂಗಡಿಯ ಗಿರಾಕಿಗಳು, ಎಲ್ಲರೂ ಇದ್ದರು. "ಸಾವ್ಕಾರ್ರ, ಹೊಲಕ್ಕ ಹೋಗಬ್ಯಾಡ್ರಿ ಅಂತ ನಮಗ ಹೇಳಿ ನೀವೇ ಬಂದೀರಲ್ರಿ!" ಎಂದು ಒಬ್ಬ ರೈತ ಛೇಡಿಸುತ್ತಿದ್ದ. ಯಜಮಾನರ ಮುಖ ಕೆಂಪಾಗಿತ್ತು. ಮೂವರನ್ನು ಕಂಡದ್ದೇ ಇನ್ನಷ್ಟು ಕೆಂಪಾಯಿತು. ಆದರೆ ಎಳ್ಳಮಾಸಿಗೆ ಹೊಲಕ್ಕೆ ಬಂದವರನ್ನು, ವೈರಿಯೇ ಆಗಲಿ, ಉಪವಾಸ ಕಳಿಸುವ ಪದ್ಧತಿ ಈ ಸೀಮೆಯಲ್ಲಿ ಇಲ್ಲ. ಯಜಮಾನರ ಹೆಂಡತಿ ಶಿವಕಾಂತಮ್ಮ ಆಗಲೇ ಮೂರು ತಾಟು ಇಟ್ಟಿದ್ದರು.

"ಕುಂದ್ರಿ. ಮೊದಲ ಉಣ್ರಿ," ಎಂದರು ಜಗದೇವಪ್ಪ, ಹಲ್ಲು ಕಚ್ಚಿಕೊಂಡು. "ಬೈಯೋದು ಆಮ್ಯಾಲ ಇದ್ದೇ ಅದ."

ಅಂಬಿಕಾ ಕೂರಲಿಲ್ಲ. "ಮೊದಲ ಬೈರಿ. ಆಮ್ಯಾಲ ಉಣ್ತೀವಿ. ಗಲತಿ ಎಐದಲ್ರಿ, ನಮ್ಮದು. ಅದು ಬರೀತು, ನಾವು ಓದ್ಲಾರ್ದೇ ಕಳಿಸಿದ್ವಿ." ಆಮೇಲೆ ಪಂಕ್ತಿಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಕೈ ಮುಗಿದಳು. "ನಿಮಗೆಲ್ಲರಿಗೂ ಮಾಫಿ ಕೇಳ್ತೀನಿ. ಇನ್ನ ಮ್ಯಾಲ ಅಜಯ ಬರೆಸ್ತಾನ, ಪೂನಮ್ ಬಾಯಿ ಬಿಟ್ಟು ಓದ್ತಾಳ, ಕೇಳಿ ಹೂಂ ಅನ್ನಾಕಿ ನಾ. ತಪ್ಪಿದ್ರ ನನಗ ಬೈರಿ, ಯಜಮಾನ್ರಿಗಿ ಅಲ್ಲ."

ಛೇಡಿಸುತ್ತಿದ್ದವನೇ ಸರಿದು ಮೂವರನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಜಗದೇವಪ್ಪ ಮೂವರ ತಾಟಿಗೂ ರೊಟ್ಟಿ ಹಾಕಿದರು. ಸಿಟ್ಟು ಇಳಿದಿತ್ತು. ಆದರೂ ಕೊಂಕು ಬಿಡಬೇಕಲ್ಲ!

"ಮತ್ತ ಬರೆದಾಂವ ಎಲ್ಲಿ? ಕರ್ಕೊಂಡು ಬಂದಿದ್ರ ಅವಗೂ ಒಂದು ತಾಟು ಹಾಕಿಸ್ತಿದ್ದೆ."

"ಅವಗ ಹಸಿವೇ ಗೊತ್ತಿಲ್ರಿ, ಎಳ್ಳಮಾಸಿ ಹ್ಯಾಂಗ ಗೊತ್ತಾಗ್ಬೇಕು?" ಎಂದಳು ಅಂಬಿಕಾ. "ಅದಕ್ಕೇ ನಾವು ಮೂರೂ ಮಂದಿ ಬೇಕ್ರಿ."

ಜಗದೇವಪ್ಪ ನಕ್ಕುಬಿಟ್ಟರು. "ಹಂಗಾದ್ರ ಸಂಕ್ರಾಂತಿಗಿ ಏನ್ ಬರೆಸೀರಿ, ಓದ್ರಿ ನೋಡೂನು. ಇಲ್ಲೇ. ಜೋರಾಗಿ!"

ಪೂನಮ್ ಬಾಯೊಳಗಿನ ತುತ್ತನ್ನು ಗಡಬಡಿಸಿ ನುಂಗಿ, ತನ್ನ ಫೋನಿನಲ್ಲಿ ಸಂಕ್ರಾಂತಿಯ ಸಂದೇಶ ತೆರೆದು ಎದ್ದು ನಿಂತಳು. ಇಡೀ ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು. ಅಜಯಕುಮಾರ ಬಲಗೈಯನ್ನು ಭಜ್ಜಿಯಲ್ಲೇ ಬಿಟ್ಟು, ಎಡಗೈಯಲ್ಲಿ ಫೋನು ಹಿಡಿದು, ತಪ್ಪು ಕೇಳಿದ್ದೇ ತೆಗೆದುಹಾಕಲು ಹೆಬ್ಬೆರಳನ್ನು ಅಳಿಸುವ ಗುಂಡಿಯ ಮೇಲೆ ಇಟ್ಟುಕೊಂಡು ಕೂತ.