ಯಜಮಾನರ ಅಗಲ ಚಕ್ರ

"ಟ್ಯಾಂಕಿಗೆ ಕಿವಿ ಇಟ್ರೆ ಸಾಕು, ಪೆಟ್ರೋಲ್ ಎಷ್ಟಿದೆ ಅಂತ ಹೇಳಿಬಿಡ್ತೀನಿ! ಅದ್ರಲ್ಲಿ ಅರ್ಧ ಸುಳ್ಳು, ಬಿಡಪ್ಪ," ಎಂದಳು ಕಾರು ಓಡಿಸುತ್ತಿದ್ದ ಅಜ್ಜಿ. ಕಾರಿನ ಓಟ ಪರೀಕ್ಷಿಸಲೆಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಟೈರ್ ಅಂಗಡಿಯವನು ನಕ್ಕ. ಅಜ್ಜಿಯ ತೀರಿಹೋದ ಯಜಮಾನರು ಶೋಕಿಗೆಂದು ಹಾಕಿಸಿದ್ದ ದೊಡ್ಡ ಅಗಲ ಚಕ್ರಗಳನ್ನು ಬಿಚ್ಚಿ, ಅವನು ಈಗಷ್ಟೇ ಸಣ್ಣವನ್ನು ಕೂರಿಸಿದ್ದ.

"ಆ ಭಾರ ಉರುಳಿಸೋಕೇ ಎಂಜಿನ್ ಪೆಟ್ರೋಲ್ ಕುಡೀತಿತ್ತಮ್ಮ. ಇನ್ಮೇಲೆ ಮೈಲೇಜ್ ನೋಡಿ."

"ಕುಡೀತಿತ್ತಾ? ಆನೆ ಕೆರೆ ಬತ್ತಿಸಿದ ಹಾಗೆ ಹೀರ್ತಿತ್ತು! ಮಗಳಂತೂ ಕಾರೇ ಮಾರಿಬಿಡು ಅಂತ ಹಟ ಹಿಡಿದಿದ್ಲು."

ಬಾಯಿ ಹೀಗೆ ಆಡುತ್ತಿದ್ದರೂ ಅಜ್ಜಿಗೆ ಒಳಗೊಳಗೇ ಅಳುಕಿತ್ತು. ಮನೆಯಲ್ಲೆಲ್ಲೂ ಸುಳಿಯದ ಯಜಮಾನರು ಈ ಕಾರಿನಲ್ಲಿ ಮಾತ್ರ ಜೊತೆಗಿದ್ದಂತೆ ಅನಿಸುತ್ತಿತ್ತು. ಮುದ್ದಿನ ಚಕ್ರಗಳ ಜೊತೆಗೇ ಅವರೂ ಅಂಗಡಿಯಲ್ಲಿ ಉಳಿದುಬಿಟ್ಟರೆ? ಕಾರು ಹೂವಿನಂತೆ ಹಗುರಾಗಿ ಓಡುತ್ತಿತ್ತು. ಆ ಹಗುರವೇ ಅವಳಿಗೆ ಭಯ ಹುಟ್ಟಿಸಿತು.

ತಿರುವಿನಲ್ಲಿ ಟಿಣ್ ಟಿಣ್ ಎಂದು ಸದ್ದು ಶುರುವಾಯಿತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಕೆಂಪು ದೀಪ ಮಿನುಗಿತು. ಆ ಸೀಟು ಖಾಲಿಯಿತ್ತು.

"ಅಲ್ಲಿ ಏನಾದ್ರೂ ಇಟ್ಟಿದ್ದೀರಾಮ್ಮ?" ಅವನು ಮುಂದಕ್ಕೆ ಬಗ್ಗಿ ನೋಡಿದ.

ಅಜ್ಜಿ ಕಾರನ್ನು ಬದಿಗೆ ನಿಲ್ಲಿಸಿ, ಆ ಸೀಟಿನ ಬೆಲ್ಟನ್ನು ಮೆಲ್ಲಗೆ ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು. ಅವಳ ಮುಖ ಅರಳಿತು.

"ಭಾರ ಪೂರ್ತಿ ಇಳಿದಿಲ್ಲ ಕಣಪ್ಪ. ಉಳಿದಿರೋದು ಯಾರದು, ನೀನೇ ಹೇಳು ನೋಡೋಣ."