ಜ್ವರದ ಮನೆ

"ಯಾವ ಮನೆ ಅಂತ ಹೇಳ್ಬುಡು ಯೋಗಾನಂದಣ್ಣ. ಆ ಮನೆಗೆ ನಿನ್ನ ಸೊಳ್ಳೆ ಹೊಗೆ ಹೊಡ್ಕೊ. ನಮ್ಮ ಬೀದಿ ತಂಟೆಗೆ ಮಾತ್ರ ಬರ್ಬ್ಯಾಡ."

ಪ್ರತಿಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಚಾಯಿತಿ ಬಾಗಿಲಲ್ಲಿ ನಿಂತಿದ್ದಳು. ಮೆಂಬರ್ ಯೋಗಾನಂದ ತನ್ನ ಫೋನನ್ನು ಅವಳ ಮುಖಕ್ಕೆ ಹಿಡಿದ.

"ನನ್ನೇನ್ ಕೇಳ್ತೀಯವ್ವ? ಇದನ್ನ ಕೇಳು."

ಬೆಳಿಗ್ಗೆಯಿಂದ ಅವಳೂ ಅದನ್ನೇ ನೋಡುತ್ತಿದ್ದಳು. ಬೆಂಗಳೂರಿನ ಚಾನೆಲ್ಲೊಂದರ ವಿಡಿಯೋ. ಕೆಂಪು ಪಟ್ಟಿ, ಆಂಬುಲೆನ್ಸಿನ ಕೂಗು, ಯಾವುದೋ ಆಸ್ಪತ್ರೆಯ ಮಂಚಗಳು. 'ಕೈಲಾಂಚ ಹೋಬಳಿಯಲ್ಲಿ ನಿಗೂಢ ಜ್ವರ! ಒಂದೇ ಮನೆಯ ಮಕ್ಕಳೆಲ್ಲ ಹಾಸಿಗೆಗೆ! ಬಾಗಿಲು ಹಾಕಿಕೊಂಡ ಕುಟುಂಬ!' ಕೊನೆಗೆ ಅವರ ಊರಿನ ಹೆಸರು. ಮನೆಯ ಹೆಸರಿಲ್ಲ.

ನೋಡಿದವಳೇ ಪ್ರತಿಮಾ ಅದನ್ನು ತವರಿನವರ ಗುಂಪಿಗೆ ಕಳಿಸಿದ್ದಳು. ಮಹಿಳಾ ಸಂಘದ ಗುಂಪಿಗೂ, ಡೈರಿಯವರ ಗುಂಪಿಗೂ. ನಾಲ್ಕು ಜನ ಎಚ್ಚರವಾಗಿರಲಿ ಅಂತ. ಅವಳಂತೆ ಊರವರೆಲ್ಲ ಕಳಿಸಿದರು. ಮಧ್ಯಾಹ್ನಕ್ಕೆ ಅದು ತಾಲ್ಲೂಕು ಆಫೀಸು ಮುಟ್ಟಿತು. ಅಲ್ಲಿಂದ ಪಂಚಾಯಿತಿಗೆ ಫೋನ್ ಬಂತು. ಸಂಜೆಗೆ ಊರಿಗೆಲ್ಲ ಸೊಳ್ಳೆ ಹೊಗೆ ಹೊಡೆಯಬೇಕು.

ಆ ಹೊಗೆಯ ಮಾತೇ ಅವಳನ್ನು ಪಂಚಾಯಿತಿಗೆ ಓಡಿಸಿತ್ತು. ಮನೆಯ ತುಂಬ ರೇಷ್ಮೆ ಹುಳು. ಒಂದು ದಿನ ಮೇವು ಬಿಟ್ಟು ಮಲಗಿದ್ದು ಆ ಬೆಳಿಗ್ಗೆಯಷ್ಟೇ ಎದ್ದು ಸೊಪ್ಪಿಗೆ ಬಾಯಿ ಹಾಕಿದ್ದವು. ಇನ್ನೊಂದು ವಾರ ತಿಂದರೆ ಗೂಡು ಕಟ್ಟುತ್ತಿದ್ದವು. ಹೋದ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಇದೂ ಹೋದರೆ ಹಿಪ್ಪುನೇರಳೆ ಕಿತ್ತುಹಾಕುವುದೆಂದು ಗಂಡ ನಟರಾಜು ಹೇಳಿಯಾಗಿತ್ತು. ಹುಳುವಿಗಾಗಿ ದೇವರ ಮುಂದೆ ಊದುಬತ್ತಿಯನ್ನೂ ಹಚ್ಚದ ಮನೆ ಅದು. ಸೊಳ್ಳೆ ಕೊಲ್ಲುವ ಹೊಗೆ ಹುಳುವನ್ನು ಬಿಟ್ಟೀತೆ?

"ಜ್ವರ ಬಂದ್ರೆ ಆಸ್ಪತ್ರೆಗೆ ಹೋಗ್ಬೇಕಪ್ಪ. ಬಾಗ್ಲು ಹಾಕ್ಕೊಂಡು ಕೂತ್ಕಂಡು ಊರಿಗೆ ಬೆಂಕಿ ಇಕ್ಕದಾ?"

"ನಿಮ್ಮನೇದೂ ಬಾಗ್ಲು ಹಾಕೇ ಐತಲ್ಲವ್ವ," ಯೋಗಾನಂದ ನಕ್ಕ.

"ಹುಳ ಇಕ್ಕಿರೋ ಮನೆ ಬಾಗ್ಲ ಯಾವನ್ ತಗೀತಾನೆ? ಬುದ್ಧಿ ಐತೇನಣ್ಣ ನಿಂಗೆ?"

"ಸಂಜೆ ಒಳಗೆ ಆ ಮನೆ ತೋರ್ಸು. ಅದೊಂದಕ್ಕೇ ಹೊಡ್ಸಿ ಕಳಿಸ್ತೀನಿ."

ಪ್ರತಿಮಾ ಮನೆಮನೆಗೂ ಹೋದಳು. ಬಾಗಿಲು ಬಡಿದಳು, ಕಿಟಕಿಯಲ್ಲಿ ಇಣುಕಿದಳು. ಕೆಳಗಿನ ಬೀದಿಯ ಸಿದ್ದಮ್ಮನ ಮನೆಯಲ್ಲಿ ಬೈಸಿಕೊಂಡಳು.

"ನನ್ ಮೊಮ್ಮಕ್ಳು ಗುಂಡ್ಕಲ್ಲಂಗವೆ ಕಣೇ. ಜ್ವರ ನಿನ್ ನಾಲ್ಗೆಗೆ ಬರ್ಲಿ!"

ಊರಿನ ಮಕ್ಕಳೆಲ್ಲ ಶಾಲೆಯ ಬಯಲಿನಲ್ಲಿ ಕುಣಿಯುತ್ತಿದ್ದವು. ಕಣ್ಣಿಗೆ ಕಾಣುತ್ತಿದ್ದುದನ್ನು ಒಬ್ಬರೂ ನಂಬಲಿಲ್ಲ. ಫೋನಿನಲ್ಲಿ ಬಂದಿದೆಯಲ್ಲ! ಸಂಜೆಯ ಹೊತ್ತಿಗೆ ಸಿದ್ದಮ್ಮನೇ ಮೇಲಿನ ಬೀದಿಯವರ ಮೇಲೆ ಅನುಮಾನ ಪಡುತ್ತಿದ್ದಳು, ಮೇಲಿನ ಬೀದಿಯವರು ಕೆಳಗಿನವರ ಮೇಲೆ.

ಮನೆಯಲ್ಲಿ ಅತ್ತೆ ದೊಡ್ಡಲಕ್ಷ್ಮಮ್ಮ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು.

"ಸಿಕ್ತೇನೇ ಜ್ವರದ ಮನೆ?"

"ಇಲ್ಲ ಕಣತ್ತೆ. ಯಾವಳೋ ಮುಚ್ಚಾಕ್ತಾ ಅವ್ಳೆ. ಸಿಗ್ಲಿ, ಜುಟ್ಟಿಡ್ಕೊಂಡು ಎಳ್ಕಂಡ್ ಬತ್ತೀನಿ."

"ಮುಖ ತೊಳೆಯೋಕ್ ಮುಂಚೆ ಸ್ಟೇಟಸ್ ಹಾಕೋಳು ನೀನು. ಸಾರಿಗೆ ಒಗ್ಗರಣೆ ಬಿದ್ರೂ ಊರಿಗೆಲ್ಲ ಗೊತ್ತಾಯ್ತದೆ. ಇಷ್ಟು ದೊಡ್ಡ ಜ್ವರ ಒಬ್ರಿಗೂ ಗೊತ್ತಾಗ್ಲಿಲ್ಲ ಅಂದ್ರೆ!"

ಹೊಗೆ ಹೊಡೆಯುವ ಗಾಡಿ ಬಂದೇಬಿಟ್ಟಿತು. ಪ್ರತಿಮಾ ಅದರ ಮುಂದೆ ಅಡ್ಡ ನಿಂತಳು. "ಮೇಲಿಂದ ಆರ್ಡರ್ ಅಕ್ಕ, ನಾನೇನ್ ಮಾಡ್ಲಿ?" ಅಂದ ಡ್ರೈವರ್. ಊರಿನ ಹೆಂಗಸರೇ ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದರು. ಅವಳಿಗೆ ಹುಳುವಿನ ಚಿಂತೆ, ತಮಗೆ ಮಕ್ಕಳ ಚಿಂತೆ ಅಂದರು. ಬಿಳಿ ಹೊಗೆ ಬೀದಿಯನ್ನು ತುಂಬಿ, ಹೆಂಚಿನ ಸಂದಿಯಿಂದ ಒಳಗಿಳಿಯಿತು.

ಬೆಳಿಗ್ಗೆ ತಟ್ಟೆಗಳಲ್ಲಿ ಹುಳುಗಳು ಹಸಿರು ಕಕ್ಕಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ತಲೆ ಒದರುತ್ತಿದ್ದವು. ದೊಡ್ಡಲಕ್ಷ್ಮಮ್ಮ ಒಂದೊಂದೇ ತಟ್ಟೆ ತಂದು ತಿಪ್ಪೆಗೆ ಸುರಿಯತೊಡಗಿದಳು. ನಟರಾಜು ಮಚ್ಚು ತೆಗೆದುಕೊಂಡು ಹಿಪ್ಪುನೇರಳೆ ತೋಟದ ಕಡೆ ಹೋದ.

ಪ್ರತಿಮಾ ವಿಡಿಯೋದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು. ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಯಾವ ಮನೇಲಯ್ಯಾ ಜ್ವರ? ನೀನು ನಮ್ಮೂರಿಗೆ ಬಂದು ಕಣ್ಣಲ್ಲಿ ನೋಡಿದ್ಯಾ?"

"ಈಗೆಲ್ಲ ಯಾರು ಮೇಡಂ ಊರೂರಿಗೆ ಹೋಗ್ತಾರೆ?" ಚಾನೆಲ್ ಹುಡುಗನ ದನಿಯಲ್ಲಿ ಬೇಸರವಿತ್ತು. "ಆಫೀಸಲ್ಲಿ ಇರೋದೇ ಮೂರು ಜನ. ಜನ ಕಳಿಸ್ತಾರೆ, ನಾವು ಹಾಕ್ತೀವಿ."

"ಏನು ಕಳಿಸಿದ್ರು? ಬೊಗಳು!"

"ನಿಮ್ಮೂರವರದೇ ಸ್ಟೇಟಸ್. ಬೆಂಗಳೂರಲ್ಲಿರೋ ಸಂಬಂಧಿಕರು ಯಾರೋ ಗಾಬರಿ ಬಿದ್ದು ಕಳಿಸಿದ್ರು. ಹೆಸರು ಬಂದಿಲ್ಲ. ಓದ್ತೀನಿ ಕೇಳಿ. 'ನಮ್ ಮಕ್ಳು ನಾಕನೇ ಜ್ವರಕ್ಕೆ ಮಲಗವೆ. ಏನೂ ತಿಂತಿಲ್ಲ. ಏಳೋಗಂಟ ಯಾರೂ ಮನೆ ಕಡೆ ಬರ್ಬ್ಯಾಡಿ.' ಕೆಳಗೆ ಕೈ ಮುಗಿದಿರೋ ಚಿತ್ರ."

ದೊಡ್ಡಲಕ್ಷ್ಮಮ್ಮನ ಕೈಯ ತಟ್ಟೆ ಅಲ್ಲೇ ನಿಂತಿತು.

"ಅದು ನೀನು ಮೊನ್ನೆ ಬರ್ದಿದ್ದಲ್ವೇನೇ?" ಅಂದಳು. "ಮಕ್ಳಂಗೆ ಸಾಕಿದ್ ಹುಳ ಪೊರೆ ಬಿಡೋಕೆ ನಾಕನೇ ಸಲ ಮಲಗಿದ್ವಲ್ಲ, ಆ ಮಲಗೋದ್ನೇ ಅಲ್ವಾ ನಾವು ಜ್ವರ ಅನ್ನೋದು. ನಂಟ್ರು ಯಾರೂ ಬರ್ದಂಗೆ ಜ್ವರ ಅಂತ ಹಾಕ್ಬುಡು ಅಂತ ನಾನೇ ಹೇಳಿದ್ದೆ."

ಫೋನಿನ ಆ ಬದಿಯಲ್ಲಿ ಹುಡುಗ ಎದ್ದು ಕುಳಿತಂತಿತ್ತು.

"ಹಲೋ ಮೇಡಂ? ಹಾಗಾದ್ರೆ ಅದು ನಿಮ್ಮ ಮನೇನಾ? ಮಕ್ಕಳು ಈಗ ಹೇಗಿದಾರೆ?"