ಫೌಜದಾರನ ಬೂಟಿನಾಗ ಗಂಜಿ

ಗಂಜಿ ವಾಸನಿ ಬಂದ್ರ ನನಗ ಈಗೂ ನಗಿ ತಡಿಯೂದಿಲ್ಲ.

ಇಳಕಲ್ಲಾಗ ಒಂದಿನ ಮಧ್ಯಾಹ್ನ, ಕದ್ದ ರೇಷ್ಮಿ ಹುಡುಕಾಕ ಫೌಜದಾರ ನಮ್ಮ ಮನಿಗಿ ಬಂದ.

"ಕೋರ್ಟಿನ ಕಾಗದ ಎಲ್ಲೈತ್ರಿ?" ಅಂದ್ಲು ಅಜ್ಜಿ.

"ಈ ಲಾಠೀನ ನನ್ನ ಕಾಗದ."

"ಹಂಗಾರ ಬೂಟ ಬಿಚ್ರಿ, ಒಳಗ ದೇವರ ಜಗಲಿ ಐತಿ."

ಕಾಯ್ದೆಗಿ ಅಂಜದವ ದೇವರಿಗಿ ಅಂಜಿ ಬಿಚ್ಚಿದ. ರೇಷ್ಮಿ ಸಿಗಲಿಲ್ಲ. ಸಿಟ್ಟಿಗೆದ್ದು ಅಪ್ಪನ ಮಗ್ಗದಾಗಿದ್ದ ಅರ್ಧ ನೇದ ಸೀರಿಗಿ ಲಾಠಿ ಹಾಕಿ ಹರದ. ಅಪ್ಪ ಕೈಮುಗದು ನಿಂತಿದ್ದ.

ನಾ ಆಗ ಎಂಟು ವರ್ಷದ ಹುಡುಗಿ, ಓಣಿಗೆಲ್ಲ ಉಡಾಳಿ. ನೂಲಿಗಂತ ಕುದಿಸಿಟ್ಟಿದ್ದ ಗಂಜಿ ಎರಡೂ ಬೂಟಿಗೆ ತುಂಬಿದೆ.

ಅವ ಹೊರಗ ಬಂದು ಕಾಲಿಟ್ಟ. ಪಚಕ್!

"ಯಾರ್ಲೇ ಇದು? ಒಳಗ ಹುಡುಕ್ತೇನಿ!"

ಅಜ್ಜಿ ಬಾಗಿಲಿಗೆ ಅಡ್ಡ ನಿಂತ್ಲು. "ಹುಡುಕ್ರಿ ಸಾಹೇಬ್ರ. ಈ ಸಲ ಕಾಗದ ತರ್ರಿ."

ಓಣ್ಯಾಗಿನ ಮಗ್ಗ ಎಲ್ಲ ನಿಂತು, ಠಾಣೆತನಕ ಅವನ ಪಚಕ್ ಪಚಕ್ ಕೇಳಿದ್ವು.